ಗಾಜಿನ ಮೇಲಿನ ಊರು: ಸಾಂಗ್ಲಿ–ಮಿರಜ್ ಬೀದಿಗಳ ಕಪ್ಪು-ಬಿಳುಪು ಛಾಯಾಚಿತ್ರಗಳಲ್ಲಿ ಬಿಂಬ ಮತ್ತು ಪ್ರತಿಬಿಂಬ

(ಆನ್‌ಲೈನ್ ವಿಚಾರ ಸಂಕಿರಣವೊಂದರಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

  ನನ್ನ ಪರದೆ ಎಲ್ಲರಿಗೂ ಕಾಣಿಸ್ತಾ ಇದೆ ಅಂದುಕೊಳ್ತೀನಿ. ನೆಟ್‌ವರ್ಕ್ ಕೈಕೊಟ್ಟರೆ ಚಾಟಿನಲ್ಲಿ ಹೇಳಿ, ವಿಡಿಯೋ ಆಫ್ ಮಾಡಿ ಮುಂದುವರಿಸ್ತೀನಿ.

ಕನ್ನಡ ಎಂ.ಎ. ಓದುವವರಿಗೆ ಕ್ಯಾಮೆರಾ, ಗಾಜು, ಲೆನ್ಸು ಇವುಗಳ ಉಸಾಬರಿ ಯಾಕೆ ಅಂತ ನಮ್ಮ ಹಾಸ್ಟೆಲಿನಲ್ಲೇ ಕೇಳಿದರು. ಉತ್ತರ ನಮ್ಮ ಅಲಂಕಾರಶಾಸ್ತ್ರದ ಪಾಠದಲ್ಲೇ ಇದೆ. ಉಪಮೆಯಲ್ಲಿ ‘ಅಂತೆ’, ‘ಹಾಗೆ’ ಎಂಬ ಉಪಮಾವಾಚಕ ಇರುತ್ತದೆ. ದೃಷ್ಟಾಂತಾಲಂಕಾರದಲ್ಲಿ ಅದು ಇರುವುದಿಲ್ಲ. ಎರಡು ವಾಕ್ಯಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ, ಎರಡೂ ತಮ್ಮಷ್ಟಕ್ಕೆ ಪೂರ್ಣವಾದ ವಾಕ್ಯಗಳೇ; ಆದರೂ ಒಂದು ಇನ್ನೊಂದರಲ್ಲಿ ಕಾಣುತ್ತದೆ. ಇದನ್ನೇ ‘ಬಿಂಬ-ಪ್ರತಿಬಿಂಬ ಭಾವ’ ಎಂದು ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವೆ. ಅಂಗಡಿಯ ಗಾಜಿನ ಮುಂದೆ ನಿಂತು ತೆಗೆದ ಬೀದಿಯ ಚಿತ್ರದಲ್ಲಿ ಆಗುವುದೂ ಇದೇ. ಗಾಜಿನ ಒಳಗಿನ ವಸ್ತು ಒಂದು ವಾಕ್ಯ, ಗಾಜಿನ ಮೇಲೆ ಬಿದ್ದ ಬೀದಿ ಇನ್ನೊಂದು ವಾಕ್ಯ. ನಡುವೆ ‘ಅಂತೆ’ ಇಲ್ಲ. ಆ ಸಂಬಂಧವನ್ನು ನೋಡುವವರು ಕಟ್ಟಿಕೊಳ್ಳಬೇಕು.

ನನ್ನ ವಿಷಯದ ವ್ಯಾಪ್ತಿ ಚಿಕ್ಕದು. ಸಾಂಗ್ಲಿ ಮತ್ತು ಮಿರಜ್, ಒಂದಕ್ಕೊಂದು ಸುಮಾರು 10 ಕಿಲೋಮೀಟರ್ ದೂರದ ಈ ಜೋಡಿ ಊರುಗಳ ಬೀದಿಗಳಲ್ಲಿ, ಗಾಜಿನ ಮೇಲೆ ಬೀಳುವ ಪ್ರತಿಬಿಂಬವನ್ನು ಕಪ್ಪು-ಬಿಳುಪಿನಲ್ಲಿ ತೆಗೆದಾಗ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು. ನಾನು ಜತ್ತ ಕಡೆಯ ಕನ್ನಡ ಮನೆಯಿಂದ ಬಂದದ್ದು. ನಮಗೆ ಮಿರಜ್ ಅಂದರೆ ಆಸ್ಪತ್ರೆ, ಸಾಂಗ್ಲಿ ಅಂದರೆ ಮಾರುಕಟ್ಟೆ ಮತ್ತು ಜಿಲ್ಲಾ ಕಚೇರಿ. ಎರಡು ವರ್ಷಗಳಿಂದ ಹೋದಾಗಲೆಲ್ಲ ತೆಗೆದ ಚಿತ್ರಗಳನ್ನೇ ಇವತ್ತು ತೋರಿಸ್ತಾ ಇದೀನಿ.

ಗಾಜಿನ ಲೆಕ್ಕ

ಮೊದಲು ಸ್ವಲ್ಪ ಭೌತಶಾಸ್ತ್ರ. ಹೆದರಬೇಡಿ, ಐದು ನಿಮಿಷ ಅಷ್ಟೇ.

ಸಾಮಾನ್ಯ ಕಿಟಕಿ ಗಾಜನ್ನು ನೇರವಾಗಿ ಎದುರಿನಿಂದ ನೋಡಿದಾಗ ಅದರ ಒಂದೊಂದು ಮೈಯೂ ಬೆಳಕಿನ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಗಾಜಿಗೆ ಎರಡು ಮೈ, ಆದ್ದರಿಂದ ಒಟ್ಟು ಶೇ. 8. ಉಳಿದದ್ದು ಬಹುಪಾಲು ದಾಟಿ ಹೋಗುತ್ತದೆ. ಅಂದರೆ ಗಾಜು ಹನ್ನೆರಡರಲ್ಲಿ ಒಂದು ಪಾಲು ಕನ್ನಡಿ, ಮಿಕ್ಕದ್ದು ಕಿಟಕಿ.

ಹಾಗಾದರೆ ಮಧ್ಯಾಹ್ನ ಅಂಗಡಿಯ ಗಾಜಿನಲ್ಲಿ ಒಳಗಿನ ಸಾಮಾನಿಗಿಂತ ನಮ್ಮ ಮುಖವೇ ಜೋರಾಗಿ ಕಾಣುವುದು ಯಾಕೆ? ಉರಿಬಿಸಿಲಿನ ಬೆಳಕು ಹತ್ತಿರ ಹತ್ತಿರ 1 ಲಕ್ಷ ಲಕ್ಸ್ ಇರುತ್ತದೆ. ಟ್ಯೂಬ್‌ಲೈಟ್ ಹಾಕಿದ ಅಂಗಡಿಯೊಳಗೆ 300ರಿಂದ 500 ಇದ್ದರೆ ಹೆಚ್ಚು. ಬಿಸಿಲಿನ ಶೇ. 8 ಅಂದರೂ 8,000 ಆಯಿತು. ಐನೂರರ ಮುಂದೆ ಎಂಟು ಸಾವಿರ! ಕಣ್ಣು ತಾನೇ ಏನು ಮಾಡೀತು? ಹೊರಗಿನ ಬೆಳಕು ಒಳಗಿನದಕ್ಕಿಂತ ಹನ್ನೆರಡು ಪಟ್ಟಿಗಿಂತ ಹೆಚ್ಚಿದ್ದರೆ ಗಾಜು ಕನ್ನಡಿಯ ಕಡೆ ವಾಲುತ್ತದೆ, ಕಡಿಮೆಯಿದ್ದರೆ ಕಿಟಕಿಯ ಕಡೆ. ಸಂಜೆ ಬಿಸಿಲು ಇಳಿದು ಬೀದಿಗೆ ನೆರಳು ಬಿದ್ದಾಗ, ಅಂಗಡಿಯವರು ಲೈಟು ಹಾಕುವ ಹೊತ್ತಿಗೆ, ಎರಡೂ ಸ್ವಲ್ಪ ಹೊತ್ತು ಸರಿಸಮ ನಿಲ್ಲುತ್ತವೆ. ಇಂಥ ಚಿತ್ರಗಳಿಗೆ ಅದೇ ಒಳ್ಳೆಯ ಹೊತ್ತು. ಕತ್ತಲಾದ ಮೇಲೆ ಹೊರಗಿನ ಊರು ಗಾಜಿನಿಂದ ಅಳಿಸಿಹೋಗುತ್ತದೆ. (ನಮ್ಮ ಕಡೆ ಕರೆಂಟು ಹೋದರೆ ಸಂಜೆಯ ಈ ಲೆಕ್ಕವೆಲ್ಲ ತಲೆಕೆಳಗು. ಲೈಟು ಹೋದ ಕ್ಷಣ ಇಡೀ ಸಾಲು ಅಂಗಡಿಗಳು ಒಮ್ಮೆಲೇ ಕನ್ನಡಿಗಳಾಗುತ್ತವೆ. ಅದನ್ನು ನೋಡಿಯೇ ತಿಳಿಯಬೇಕು.)

ಇದು ಇಡೀ ಗಾಜಿನ ಲೆಕ್ಕ. ಆದರೆ ಚಿತ್ರದೊಳಗೆ ಗಾಜಿನ ಒಂದೊಂದು ಜಾಗಕ್ಕೂ ಈ ಲೆಕ್ಕ ಬೇರೆಬೇರೆಯಾಗಿ ನಡೆಯುತ್ತದೆ ಎಂಬುದು ಮುಖ್ಯ. ಒಳಗೆ ಬಿಳಿ ಅಂಗಿ ತೂಗುಹಾಕಿದ್ದರೆ ಅದರ ಮೇಲೆ ಬೀದಿಯ ಬಿಂಬ ನಿಲ್ಲುವುದಿಲ್ಲ. ಕಪ್ಪು ಕೋಟು ಇದ್ದರೆ ಅದರ ಮೇಲೆ ಎದುರಿನ ಕಟ್ಟಡ, ಸೈಕಲ್ಲು, ಆಕಾಶ ಎಲ್ಲ ಬಂದು ಕೂರುತ್ತವೆ. ಅದೇ ರೀತಿ ಹೊರಗೆ ಕಪ್ಪಾಗಿರುವ ಯಾವುದಾದರೂ ಗಾಜಿನ ಮೇಲೆ ಬಿದ್ದರೆ, ಆ ಕಪ್ಪಿನ ಆಕಾರದಷ್ಟು ಜಾಗದಲ್ಲಿ ಒಳಗಿನದು ಕಾಣತೊಡಗುತ್ತದೆ. ಒಳಗಿನ ಕತ್ತಲಲ್ಲಿ ಹೊರಗು, ಹೊರಗಿನ ಕತ್ತಲಲ್ಲಿ ಒಳಗು. ಮುಂದೆ ನಾನು ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ, ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನೊಂದು ಲೆಕ್ಕ ಫೋಕಸ್ಸಿನದು. ಪ್ರತಿಬಿಂಬ ಗಾಜಿನ ಮೇಲೆ ಇದೆ ಅಂತ ನಮಗೆ ಅನಿಸುತ್ತದೆ, ಲೆನ್ಸಿಗೆ ಹಾಗಲ್ಲ. ನಾನು ಗಾಜಿನಿಂದ 2 ಮೀಟರ್ ದೂರ ನಿಂತಿದ್ದೇನೆ, ನನ್ನ ಬೆನ್ನ ಹಿಂದಿನ ಬಸ್ಸು ಗಾಜಿನಿಂದ 10 ಮೀಟರ್ ದೂರದಲ್ಲಿದೆ ಅನ್ನಿ. ಲೆನ್ಸಿನ ಪಾಲಿಗೆ ಆ ಬಸ್ಸು ಗಾಜಿನ ಆಚೆ 10 ಮೀಟರಿನಲ್ಲಿದೆ. ಒಟ್ಟು 12 ಮೀಟರ್. ಗಾಜಿನ ಹಿಂದೆ ಅರ್ಧ ಮೀಟರಿನಲ್ಲಿರುವ ಸಾಮಾನು 2.5 ಮೀಟರಿನಲ್ಲಿದೆ. ಎರಡೂ ಸ್ಪಷ್ಟವಾಗಿ ಬರಬೇಕಾದರೆ ಅಪರ್ಚರ್ ಕಿರಿದು ಮಾಡಬೇಕು. ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ 35 ಮಿ.ಮೀ. ಲೆನ್ಸನ್ನು ಎಫ್/11ಕ್ಕೆ ಇಟ್ಟು ಸುಮಾರು 3.7 ಮೀಟರಿಗೆ ಫೋಕಸ್ ಮಾಡಿದರೆ, ಸುಮಾರು 1.9 ಮೀಟರಿನಿಂದ ಅನಂತದವರೆಗೆ ಎಲ್ಲವೂ ಓದುವಷ್ಟು ಸ್ಪಷ್ಟ. ಮೊಬೈಲಿನ ಸೆನ್ಸರ್ ಚಿಕ್ಕದಾದ್ದರಿಂದ ಈ ಕಷ್ಟ ಅಷ್ಟಿಲ್ಲ. ಪೋಲರೈಸರ್ ಫಿಲ್ಟರ್ ಹಾಕಿ ಓರೆಯಾಗಿ, ಗಾಜಿನ ಲಂಬಕ್ಕೆ ಸುಮಾರು 56 ಡಿಗ್ರಿ ಕೋನದಲ್ಲಿ ನಿಂತರೆ ಪ್ರತಿಬಿಂಬ ಬಹುತೇಕ ಮಾಯವಾಗುತ್ತದೆ. ಜಾಹೀರಾತಿನವರು ಅದಕ್ಕೆ ದುಡ್ಡು ಕೊಡುತ್ತಾರೆ, ನಮಗೆ ಅದು ಬೇಡ.

ಕಪ್ಪು-ಬಿಳುಪು ಯಾಕೆ

ಹಳೆಯ ಕಾಲದ ಭಾವನೆ ಬರಲಿ ಅಂತ ಅಲ್ಲ. ಬಣ್ಣದ ಚಿತ್ರದಲ್ಲಿ ಒಳಗಿನ ಪದರ, ಹೊರಗಿನ ಪದರ ತಟ್ಟನೆ ಬೇರೆಯಾಗಿ ತಿಳಿಯುತ್ತವೆ. ಆಕಾಶದ ನೀಲಿ ಹೊರಗಿನದು, ಬಲ್ಬಿನ ಹಳದಿ ಒಳಗಿನದು ಅಂತ ಕಣ್ಣು ವಿಂಗಡಿಸಿಬಿಡುತ್ತದೆ. ಕಪ್ಪು-ಬಿಳುಪಿನಲ್ಲಿ ಎರಡಕ್ಕೂ ಒಂದೇ ಬೂದು. ಯಾವುದು ಒಳಗಿನದು, ಯಾವುದು ಹೊರಗಿನದು ಅಂತ ನಿಧಾನವಾಗಿ ಓದಬೇಕಾಗುತ್ತದೆ. ಆ ತಡವರಿಕೆಯೇ ಈ ಪ್ರಕಾರದ ಬಂಡವಾಳ.

ಪ್ಯಾರಿಸ್ಸಿನ ಯೂಜೀನ್ ಅಟ್ಜೆ (1857–1927) ಅಂಗಡಿಗಳ ಮುಂಗಟ್ಟನ್ನು ದೊಡ್ಡ ಕ್ಯಾಮೆರಾದಲ್ಲಿ, ಗಾಜಿನ ಪ್ಲೇಟುಗಳ ಮೇಲೆ ತೆಗೆಯುತ್ತಿದ್ದರು. 1908ರ ‘ಓ ತಾಂಬೂರ್’ ಎಂಬ ಚಿತ್ರದಲ್ಲಿ ಬಾಗಿಲ ಗಾಜಿನ ಹಿಂದೆ ನಿಂತು ನೋಡುವವರ ಮುಖವೂ ಇದೆ, ಅದೇ ಗಾಜಿನಲ್ಲಿ ಅಟ್ಜೆಯ ಕ್ಯಾಮೆರಾದ ನೆರಳೂ ಇದೆ. 1925ರಲ್ಲಿ ಗೋಬ್ಲೆ ಬೀದಿಯ ಬಟ್ಟೆ ಅಂಗಡಿಯ ಬೊಂಬೆಗಳ ಮೇಲೆ ಎದುರಿನ ಕಟ್ಟಡ, ಮರಗಳು ಬಿದ್ದಿರುವ ಚಿತ್ರಗಳನ್ನು ತೆಗೆದರು. ಸರ್ರಿಯಲಿಸ್ಟರು ಅವನ್ನು ಮೆಚ್ಚಿ ಮೆರೆಸಿದರು. ಅಟ್ಜೆಯೋ, ತಾನು ಮಾಡುತ್ತಿರುವುದು ದಾಖಲೆ ಅಷ್ಟೇ ಎನ್ನುವ ಮನುಷ್ಯ. ಆಮೇಲೆ ನ್ಯೂಯಾರ್ಕಿನಲ್ಲಿ ಲಿಸೆಟ್ ಮಾಡೆಲ್ 1939ರಿಂದ ಪ್ರತಿಬಿಂಬಗಳದ್ದೇ ಒಂದು ಸರಣಿ ಮಾಡಿದರು. ಲೀ ಫ್ರೀಡ್‌ಲ್ಯಾಂಡರ್, ವಿವಿಯನ್ ಮೇಯರ್ ಇವರ ಬಗ್ಗೆ ಮುಂದೆ ಬರ್ತೀನಿ.

ನಮ್ಮವರಲ್ಲಿ ಟಿ.ಎಸ್. ಸತ್ಯನ್ (1923–2009) ಅವರ ಹೆಸರು ಹೇಳಲೇಬೇಕು. ಮೈಸೂರಿನವರು, 1977ರಲ್ಲಿ ಪದ್ಮಶ್ರೀ ಪಡೆದವರು, ಜೀವಮಾನದ ಒಳ್ಳೆಯ ಕೆಲಸವನ್ನೆಲ್ಲ ಕಪ್ಪು-ಬಿಳುಪಿನಲ್ಲೇ ಮಾಡಿದವರು. ಅವರ ಆತ್ಮಕಥನದ ಹೆಸರೇ ‘ಕಾಲಕ್ಕೆ ಕನ್ನಡಿ’. ಆದರೆ ತಮಾಷೆ ನೋಡಿ, ಸತ್ಯನ್ ಅವರ ಹೆಸರಾಂತ ಚಿತ್ರಗಳಲ್ಲಿ ಗಾಜು ಅಡ್ಡ ಬರುವುದೇ ಅಪರೂಪ. ಮನುಷ್ಯ ಮತ್ತು ಕ್ಯಾಮೆರಾ ಎದುರುಬದುರು. ನನ್ನ ಅಭಿಪ್ರಾಯದಲ್ಲಿ ಇದು ಸ್ವಭಾವದ ಮಾತು ಮಾತ್ರವಲ್ಲ, ಊರಿನ ಮಾತು ಕೂಡ. ಅವರು ಓಡಾಡಿದ ಹಳ್ಳಿ, ಪೇಟೆಗಳಲ್ಲಿ ಗಾಜು ಎಲ್ಲಿತ್ತು?

ನಮ್ಮ ಊರಲ್ಲಿ ಗಾಜು ಎಲ್ಲಿದೆ

ಇಲ್ಲಿ ನಾವು ಪಶ್ಚಿಮದ ಪುಸ್ತಕಗಳನ್ನು ಪಕ್ಕಕ್ಕಿಡಬೇಕು. ‘ಶಾಪ್ ವಿಂಡೋ’ ಅಂತ ಅವರು ಹೇಳುವ ವಸ್ತು ನಮ್ಮ ಹಳೆಯ ಪೇಟೆಯಲ್ಲಿ ಇಲ್ಲ. ಸಾಂಗ್ಲಿಯ ಗಣಪತಿ ಪೇಟೆಗೆ ಹೋಗಿ. ಅಂಗಡಿ ಅಂದರೆ ಬೀದಿಗೆ ಪೂರ್ತಿ ತೆರೆದ ಕೋಣೆ, ರಾತ್ರಿ ಹಲಗೆ ಬಾಗಿಲು ಇಲ್ಲವೆ ರೋಲಿಂಗ್ ಶಟರ್. ಸೇಠ್‌ಜಿ ಗಾದಿಯ ಮೇಲೆ, ಗಿರಾಕಿ ಮೆಟ್ಟಿಲ ಮೇಲೆ, ನಡುವೆ ಏನೂ ಇಲ್ಲ. ಒಳಗು-ಹೊರಗು ಎಂಬ ಭೇದವೇ ಅಷ್ಟು ಗಟ್ಟಿಯಾಗಿಲ್ಲದಲ್ಲಿ ಪ್ರತಿಬಿಂಬಕ್ಕೆ ಜಾಗ ಎಲ್ಲಿ?

ಸಾಂಗ್ಲಿಯ ಅರಿಶಿನ ಮಾರುಕಟ್ಟೆ ದೇಶದ ದೊಡ್ಡ ಅರಿಶಿನ ಮಾರುಕಟ್ಟೆಗಳಲ್ಲಿ ಒಂದು. ಸಾಂಗ್ಲಿ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಲ್ಲಿ ಚೀಲ, ರಾಶಿ, ಧೂಳು, ತಕ್ಕಡಿ. ಒಂದು ತುಂಡು ಗಾಜಿಲ್ಲ. ಕಪ್ಪು-ಬಿಳುಪಿನಲ್ಲಿ ತೆಗೆದರೆ ಅರಿಶಿನವೂ ಹೋಗುತ್ತದೆ, ತಿಳಿ ಬೂದು ಪುಡಿ ಅಷ್ಟೇ. (ಹಳೆಯ ಕಾಲದ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು, ಅವುಗಳಲ್ಲಿ ತೆಗೆದಿದ್ದರೆ ಅರಿಶಿನ ಹೆಚ್ಚುಕಡಿಮೆ ಕಪ್ಪಾಗಿಯೇ ಬರುತ್ತಿತ್ತು.) ಹಾಗಾಗಿ ಸಾಂಗ್ಲಿಯ ಹೆಸರಿಗೆ ಕಾರಣವಾದ ವಸ್ತುವೇ ಈ ಅಧ್ಯಯನದಿಂದ ಹೊರಗೆ ಉಳಿಯಿತು. ಒಂದು ಕಲಾಪ್ರಕಾರವನ್ನು ಆರಿಸಿಕೊಂಡ ಕೂಡಲೇ ಊರಿನ ಒಂದು ಭಾಗ ಕಾಣದಂತಾಗುತ್ತದೆ ಎಂಬುದನ್ನು ಗಮನಿಸಬೇಕು.

ಹಾಗಾದರೆ ಗಾಜು ಎಲ್ಲಿದೆ? ಬೇಕರಿಯ ಗಾಜಿನ ಕಪಾಟು, ಸರಾಫರ ಅಂಗಡಿ, ಗಡಿಯಾರ ರಿಪೇರಿ, ಚಷ್ಮದ ಅಂಗಡಿ, ಫೋಟೋ ಸ್ಟುಡಿಯೋದ ಮುಂದಿನ ಷೋಕೇಸು, ಎ.ಟಿ.ಎಂ. ಬಾಗಿಲು, ಮೊಬೈಲ್ ಅಂಗಡಿ. ಮಿರಜ್‌ನಲ್ಲಿ ಔಷಧ ಅಂಗಡಿಗಳು. ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ವಾನ್‌ಲೆಸ್ 1894ರಲ್ಲಿ ಆಸ್ಪತ್ರೆ ಕಟ್ಟಿದ ಮೇಲೆ ಮಿರಜ್ ಮೆಲ್ಲಮೆಲ್ಲಗೆ ವೈದ್ಯರ ಊರಾಯಿತು; ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಹಳ್ಳಿಗಳಿಂದ ರೋಗಿಗಳು ಇಂದಿಗೂ ಬರುತ್ತಾರೆ. ಗಾಜಿನ ಬಾಗಿಲ ಹೊರಗೆ ಚೀಟಿ ಹಿಡಿದು ಕಾಯುವ ಸಂಬಂಧಿಕರ ಸಾಲು, ಒಳಗೆ ಔಷಧಿ ಡಬ್ಬಿಗಳ ಸಾಲು. ಚಿತ್ರ 4ರಲ್ಲಿ ಇವೆರಡೂ ಒಂದೇ ಸಾಲಾಗಿವೆ, ನೋಡ್ರಿ.

ರೈಲಿನಲ್ಲಿಯೂ ಇದೇ. ಮಿರಜ್ ಜಂಕ್ಷನ್ನಿಗೆ ಒಂದು ಕಾಲದಲ್ಲಿ ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಮೂರೂ ಬರುತ್ತಿದ್ದವು. ಪುಣೆ ಕಡೆಯ ಹಳಿ ಅಗಲವಾಗಿ ಬೆಳಗಾವಿ ಕಡೆಯದು ಇನ್ನೂ ಆಗದಿದ್ದಾಗ ಧಾರವಾಡ-ಬೆಳಗಾವಿಯವರು ಮುಂಬಯಿಗೆ ಹೋಗಲು ಇಲ್ಲಿಯೇ ಗಾಡಿ ಬದಲಿಸಬೇಕಿತ್ತು. ಈಗ ಎಲ್ಲ ಒಂದೇ ಅಳತೆ. ಆದರೆ ಕಿಟಕಿಗಳು ಒಂದೇ ಅಲ್ಲ. ಸ್ಲೀಪರ್ ಮತ್ತು ಜನರಲ್ ಬೋಗಿಯ ಕಿಟಕಿಗೆ ಸರಳುಗಳು, ಮೇಲೆತ್ತಿದ ಶಟರ್, ಅದರಿಂದ ಹೊರಬಂದ ಕೈ. ಎ.ಸಿ. ಬೋಗಿಗೆ ತೆರೆಯಲು ಬಾರದ ಗಾಜು. ಪ್ಲಾಟ್‌ಫಾರ್ಮಿನ ಪ್ರತಿಬಿಂಬ ಬೀಳುವುದು ಎ.ಸಿ. ಬೋಗಿಯ ಮೇಲೆ ಮಾತ್ರ: ಟೀ ಮಾರುವವನು, ಹಮಾಲ, ಬುತ್ತಿ ಬಿಚ್ಚಿ ಕೂತ ಕುಟುಂಬ. ಪ್ರತಿಬಿಂಬಕ್ಕೂ ಒಂದು ವರ್ಗ ಇದೆ ಎಂದು ನಾನು ಹೇಳುವುದು ಇದಕ್ಕೇ. ಗಾಜು ಇರುವುದು ಹಣ ಇರುವ ಕಡೆ, ಬಿಂಬ ಬೀಳುವುದು ಎದುರಿಗೆ ಇರುವವರದ್ದು. ಇದನ್ನು ಮರೆತು ‘ಗಾಜು ಎಲ್ಲರನ್ನೂ ಒಂದು ಮಾಡುತ್ತದೆ’ ಅಂತ ಬರೆಯುವ ಪ್ರದರ್ಶನದ ಕರಪತ್ರಗಳು ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ.

ಸಿತಾರಿನ ಕಪಾಟು

ಮಿರಜ್ ತಂತುವಾದ್ಯಗಳ ಊರು. 19ನೆಯ ಶತಮಾನದ ಮಧ್ಯಭಾಗದಲ್ಲಿ, ಆಯುಧಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದ್‌ಸಾಹೇಬರು ಈ ಕಸುಬಿಗೆ ತಿರುಗಿದರು. ಅವರ ವಂಶದವರ ಅಡ್ಡಹೆಸರೇ ಸಿತಾರ್‌ಮೇಕರ್ ಆಯಿತು. 2024ರಲ್ಲಿ ಮಿರಜ್‌ನ ಸಿತಾರ್ ಮತ್ತು ತಾನ್‌ಪುರಗಳಿಗೆ ಭೌಗೋಳಿಕ ಗುರುತು ದೊರೆಯಿತು. ವಾದ್ಯದ ಬುರುಡೆಗೆ ಬೇಕಾದ ದೊಡ್ಡ ಸೋರೆಕಾಯಿ ಪಂಢರಪುರದ ಸುತ್ತಿನಿಂದ ಬರುತ್ತದೆ. ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಈ ಊರಿನಲ್ಲಿ. 1937ರಲ್ಲಿ ತೀರಿಕೊಂಡ ಮೇಲೆ ಅವರ ಸಮಾಧಿಯಾದದ್ದು ಇಲ್ಲಿಯ ಮೀರಾಸಾಹೇಬ ದರ್ಗಾದ ಆವರಣದಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಈ ಎಳೆ ನಮಗೆಲ್ಲ ಗೊತ್ತಿರುವುದೇ.

ಚಿತ್ರ 7. ವಾದ್ಯದಂಗಡಿಯ ಗಾಜಿನ ಕಪಾಟು, ಬೆಳಗಿನ ಹತ್ತು ಗಂಟೆ. ಸಿತಾರಿನ ಬುರುಡೆಗೆ ಗಾಢ ಕಂದು ಪಾಲಿಶ್ ಇದೆ. ಕಪ್ಪು-ಬಿಳುಪಿನಲ್ಲಿ ಅದು ಹತ್ತಿರ ಹತ್ತಿರ ಕಪ್ಪು. ಆಗಲೇ ಹೇಳಿದ ನಿಯಮ ನೆನಪಿಸಿಕೊಳ್ಳಿ: ಒಳಗಿನ ಕಪ್ಪು ಹೊರಗಿನದನ್ನು ಹಿಡಿಯುತ್ತದೆ. ಬುರುಡೆಯ ಆಕಾರದೊಳಗೆ ಪೂರ್ತಿ ಬೀದಿ ಬಂದಿದೆ: ಎದುರಿನ ಮನೆಯ ಮಾಡು, ಕರೆಂಟಿನ ತಂತಿ, ಸ್ಕೂಟರಿನ ಮೇಲೆ ಹಾಲಿನ ಕ್ಯಾನು. ಆದರೆ ವಾದ್ಯದ ಅಂಚಿಗೆ ಕೂರಿಸಿದ ಬಿಳಿ ನಕಾಸೆ ಬಂದ ತಕ್ಷಣ ಬೀದಿ ಕತ್ತರಿಸಿದಂತೆ ನಿಂತುಬಿಡುತ್ತದೆ. ಬಿಳಿಯ ಮೇಲೆ ಬಿಂಬಕ್ಕೆ ಕಾಲೂರಲು ಆಗುವುದಿಲ್ಲ. ಇನ್ನೊಂದು: ಹೊರಗಿನ ಕರೆಂಟಿನ ತಂತಿಗಳೂ ಒಳಗಿನ ಸಿತಾರಿನ ತಂತಿಗಳೂ ಒಂದೇ ಬೂದುಬಣ್ಣದ ಗೆರೆಗಳು. ಯಾವುದು ಯಾವುದು ಅಂತ ಬಿಡಿಸಲು ನನಗೇ ಎರಡು ನಿಮಿಷ ಬೇಕಾಯಿತು. ಬಣ್ಣದಲ್ಲಿ ತೆಗೆದ ಇದೇ ಚಿತ್ರ ನನ್ನ ಬಳಿ ಇದೆ. ಹಿತ್ತಾಳೆ ತಂತಿ ಹಳದಿ, ಹೊರಗಿನದು ಕಪ್ಪು, ಒಂದು ಸೆಕೆಂಡಿನಲ್ಲಿ ಮುಗಿಯಿತು.

ತಿರುಗಿದ ಅಕ್ಷರ

ಈಗ ನನ್ನ ವಿಷಯದ ತಿರುಳಿಗೆ ಬರ್ತೀನಿ. ಮಿರಜ್‌ನ ಬೀದಿಯಲ್ಲಿ ಕನ್ನಡ ಅಕ್ಷರ ಎಲ್ಲಿ ಕಾಣುತ್ತದೆ? ಬೋರ್ಡುಗಳೆಲ್ಲ ಮರಾಠಿ, ಅದು ಸಹಜ, ಅದು ಮಹಾರಾಷ್ಟ್ರ. ಮಾತು ಬೇಕಾದಷ್ಟು ಕೇಳಿಸುತ್ತದೆ. ಅಕ್ಷರ ಕಾಣುವುದು ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸುಗಳ ಹಣೆಯ ಮೇಲೆ. ಅಥಣಿ, ಚಿಕ್ಕೋಡಿ, ಜಮಖಂಡಿ. ಆ ಬಸ್ಸು ತಿರುವಿನಲ್ಲಿ ನಿಧಾನವಾದಾಗ, ರಸ್ತೆ ಬದಿಯ ಔಷಧ ಅಂಗಡಿಯ ಗಾಜಿನ ಮೇಲೆ ಕನ್ನಡ ಬೀಳುತ್ತದೆ, ಎಡ-ಬಲ ತಿರುಗಿ.

ಚಿತ್ರ 9ರಲ್ಲಿ ‘ಜಮಖಂಡಿ’ ಇದೆ, ಹುಡುಕಿ. ಸಿಗಲಿಲ್ಲವೇ? ತಿರುಗಿದ ಕನ್ನಡ ಕನ್ನಡದ ಹಾಗೆ ಕಾಣುವುದಿಲ್ಲ. ನಮ್ಮ ಲಿಪಿಯ ತಲೆಕಟ್ಟು ಬಲಕ್ಕೆ ಬಾಗಿ ಏಳುತ್ತದೆ. ಅದು ಎಡಕ್ಕೆ ತಿರುಗಿದ ಕೂಡಲೇ ಇದು ಯಾವುದೋ ಅರಿಯದ ಲಿಪಿ ಅನ್ನಿಸುತ್ತದೆ. ದೇವನಾಗರಿಗೆ ಈ ಕಷ್ಟ ಕಡಿಮೆ. ಮೇಲಿನ ಶಿರೋರೇಖೆ ತಿರುಗಿದರೂ ಗೆರೆಯೇ, ಓದಲು ಬಾರದಿದ್ದರೂ ನಾಗರಿ ಅಂತ ಗುರುತು ಸಿಗುತ್ತದೆ. ‘ಜಮಖಂಡಿ’ಯಲ್ಲಿ ತಿರುಗಿದರೂ ಬದಲಾಗದೆ ಉಳಿದದ್ದು ಒಂದೇ, ಸೊನ್ನೆ. ನಮ್ಮ ವರ್ಣಮಾಲೆಯಲ್ಲಿ, ತಲೆಕಟ್ಟನ್ನು ಬಿಟ್ಟರೆ, ‘ಠ’ಕಾರಕ್ಕೂ ಈ ಭಾಗ್ಯ ಇದೆ, ಆದರೆ ‘ಠ’ ಇರುವ ಊರಿನ ಬಸ್ಸು ನನಗಿನ್ನೂ ಸಿಕ್ಕಿಲ್ಲ.

ಜಮಖಂಡಿಯೇ ಬಂತಲ್ಲ, ಒಂದು ಮಾತು. ಸಾಂಗ್ಲಿ, ಮಿರಜ್, ಜಮಖಂಡಿ, ಕುರುಂದವಾಡ ಇವೆಲ್ಲ ಪಟವರ್ಧನ ಮನೆತನದ ಕವಲುಗಳು ಆಳಿದ ಸಂಸ್ಥಾನಗಳು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಅವುಗಳಲ್ಲಿ ಜಮಖಂಡಿ ಈಚೆ, ಉಳಿದವು ಆಚೆ. 1843ರಲ್ಲಿ ವಿಷ್ಣುದಾಸ ಭಾವೆ ಸಾಂಗ್ಲಿಯಲ್ಲಿ ‘ಸೀತಾಸ್ವಯಂವರ’ ಆಡಿಸಿದಾಗ ಅದಕ್ಕೆ ಪ್ರೇರಣೆಯಾದದ್ದು ಕರ್ನಾಟಕದಿಂದ ಬಂದಿದ್ದ ಭಾಗವತ ಮೇಳದ ಆಟ ಎಂಬುದು ರಂಗಭೂಮಿಯ ಇತಿಹಾಸ ಓದಿದವರಿಗೆಲ್ಲ ಗೊತ್ತು. ಎರಡೂ ಊರುಗಳ ನಡುವಿನ ವಿಶ್ರಾಮಬಾಗದಲ್ಲಿರುವ ವಿಲಿಂಗ್ಡನ್ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿಯವರು ಬಹುಕಾಲ ಕನ್ನಡ ಕಲಿಸಿದರು. ನಾವು ಎಂ.ಎ.ಯಲ್ಲಿ ಓದುವ ‘ಕನ್ನಡ ಸಾಹಿತ್ಯ ಚರಿತ್ರೆ’, 1956ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ, ಅವರದೇ.

2022ರ ನವೆಂಬರ್–ಡಿಸೆಂಬರಿನಲ್ಲಿ ಗಡಿ ವಿವಾದ ಮತ್ತೆ ಬಿಸಿಯಾಯಿತು, ನಮ್ಮ ಜತ್ತ ತಾಲೂಕಿನ ಹಳ್ಳಿಗಳ ಹೆಸರು ದಿನಾ ಟಿ.ವಿ.ಯಲ್ಲಿ. ಎರಡೂ ರಾಜ್ಯಗಳಲ್ಲಿ ಬಸ್ಸುಗಳಿಗೆ ಮಸಿ ಬಳಿದರು, ಸಂಚಾರ ಅಲ್ಲಲ್ಲಿ ನಿಂತಿತು. ಬಸ್ಸಿಲ್ಲದ ದಿನ ಆ ಗಾಜಿನ ಮೇಲೆ ಕನ್ನಡ ಇಲ್ಲ. ಒಳಗಿನ ಡಬ್ಬಿಗಳು ಇರುತ್ತವೆ, ಎದುರಿನ ಗೋಡೆ ಇರುತ್ತದೆ. ಪ್ರತಿಬಿಂಬದ ಚಿತ್ರ ನಂಬಿಕೊಂಡಿರುವುದು ಹಾದುಹೋಗುವ ವಸ್ತುವನ್ನು. ಅದು ಬರುವುದು ನಿಂತರೆ ಗಾಜಿಗೆ ಅದರ ನೆನಪೂ ಇರುವುದಿಲ್ಲ. ಇಲ್ಲಿ ನಾನು ರಾಜಕೀಯ ಮಾತಾಡ್ತಾ ಇಲ್ಲ, ಗಾಜಿನ ಗುಣ ಹೇಳ್ತಾ ಇದೀನಿ. ಆದರೆ ಎರಡನ್ನೂ ಪೂರ್ತಿ ಬೇರೆ ಮಾಡಲು ನನ್ನಂಥವರಿಗೆ ಆಗುವುದಿಲ್ಲ.

ತೆಗೆಯುವವರ ಮೈ

ಗಾಜಿಗೆ ಎದುರಾಗಿ ನಿಂತವರು ತಾವೂ ಅದರಲ್ಲಿ ಬೀಳುತ್ತಾರೆ. ಎಷ್ಟೋ ಛಾಯಾಗ್ರಾಹಕರು ತಪ್ಪಿಸಿಕೊಳ್ಳಲು ಓರೆಯಾಗಿ ನಿಲ್ಲುತ್ತಾರೆ. ಲೀ ಫ್ರೀಡ್‌ಲ್ಯಾಂಡರ್ ತಪ್ಪಿಸಿಕೊಳ್ಳಲಿಲ್ಲ, 1970ರಲ್ಲಿ ಅಂಥ ಚಿತ್ರಗಳದ್ದೇ ಒಂದು ಪುಸ್ತಕ ತಂದರು. ವಿವಿಯನ್ ಮೇಯರ್ (1926–2009) ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತ ನ್ಯೂಯಾರ್ಕ್, ಷಿಕಾಗೋ ಬೀದಿಗಳಲ್ಲಿ ಅಂಗಡಿ ಗಾಜುಗಳಲ್ಲಿ ತನ್ನನ್ನೇ ತೆಗೆದುಕೊಂಡವರು. ಅವರ ನೆಗೆಟಿವ್‌ಗಳ ರಾಶಿ 2007ರಲ್ಲಿ ಹರಾಜಾಯಿತು, ಆಮೇಲಷ್ಟೇ ಜಗತ್ತಿಗೆ ಅವರ ಹೆಸರು ತಿಳಿಯಿತು.

ಈ ಚಿತ್ರಗಳಲ್ಲಿ ಒಂದು ಸಂಗತಿ ಎಲ್ಲರೂ ನೋಡಿರುತ್ತಾರೆ, ಕಾರಣ ಕೇಳಿರುವುದಿಲ್ಲ. ಛಾಯಾಗ್ರಾಹಕರ ಮೈಯೊಳಗೆ ಅಂಗಡಿಯ ಸಾಮಾನು ಕಾಣುತ್ತದೆ. ಕಾರಣ ಅದೇ ಹಳೆಯ ನಿಯಮ. ಬಿಸಿಲಿಗೆ ಬೆನ್ನು ಮಾಡಿ ನಿಂತಾಗ ನಮ್ಮ ಮೈಯ ಎದುರುಭಾಗ ನೆರಳಿನಲ್ಲಿರುತ್ತದೆ. ಸುತ್ತಲಿನ ಬೀದಿ ಬೆಳ್ಳಗೆ ಗಾಜಿನ ಮೇಲೆ ಬಿದ್ದು ಒಳಗನ್ನು ಮುಚ್ಚಿಬಿಟ್ಟಿದೆ. ನಮ್ಮ ಕಪ್ಪು ಆಕಾರ ಬಿದ್ದಲ್ಲಿ ಮಾತ್ರ ಗಾಜು ಮತ್ತೆ ಕಿಟಕಿಯಾಗುತ್ತದೆ. ಹಾಗಾಗಿ ಚಿತ್ರ 11ರಲ್ಲಿ ನನ್ನ ಎದೆಯ ಜಾಗದಲ್ಲಿ ಕಾಣುವುದು ಒಳಗಿನ ಮರಾಠಿ ದಿನಪತ್ರಿಕೆ, ತಲೆಯ ಜಾಗದಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನ ಯಜಮಾನರ ಅರ್ಧ ಮುಖ. ನನ್ನ ಸುತ್ತ, ನನ್ನ ಹೊರಗೆ, ಬೀದಿ ಮತ್ತು ಬಸ್ಸು. ಅಂಗಡಿಯವರು ಯಾರೆಂದು ಗುರುತು ಸಿಗದಂತೆ ಮಾಡಿದ್ದೇನೆ. ಗಾಜಿನ ಒಳಗಿರುವವರಿಗೆ ಚಿತ್ರ ತೆಗೆಯುತ್ತಿರುವುದು ಎಷ್ಟೋ ಸಲ ತಿಳಿಯುವುದೇ ಇಲ್ಲ, ಆಮೇಲೆ ಹೋಗಿ ತೋರಿಸಿ ಕೇಳುವುದು ನಮ್ಮ ಕೆಲಸ. ಇವರು ನೋಡಿ ನಕ್ಕರು, “ಕ್ಯಾ, ನನ್ನ ತಲಿ ನಿನ್ನ ತಲ್ಯಾಗ ಅದ ಅಲ್ಲ” ಅಂದರು. ಕನ್ನಡದಲ್ಲೇ ಅಂದರು.

ಎ.ಕೆ. ರಾಮಾನುಜನ್ ಅವರ ‘ದಿ ಸ್ಟ್ರೈಡರ್ಸ್’ (1966) ಸಂಕಲನದಲ್ಲಿ ‘ಸೆಲ್ಫ್ ಪೋರ್ಟ್ರೇಟ್’ ಎಂಬ ಪುಟ್ಟ ಕವಿತೆ ಇದೆ. ಅಂಗಡಿ ಗಾಜಿನಲ್ಲಿ ತನ್ನನ್ನು ಹುಡುಕಿದವನಿಗೆ ಬೇರೆಯವರು ಕಾಣುವುದು, ಅದರಲ್ಲಿ ತಂದೆಯ ಗುರುತು ಇರುವುದು ಅದರ ವಸ್ತು. ಗಾಜಿನ ಬಗ್ಗೆ ಇಷ್ಟು ನಿಖರವಾಗಿ ಬರೆದ ಕವಿ 1950ರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಹೇಳುತ್ತಿದ್ದವರು, ಕನ್ನಡದಲ್ಲೂ ಬರೆದವರು. 1989ರ ಅವರ ಇಂಗ್ಲಿಷ್ ಪ್ರಬಂಧ ‘ವೇರ್ ಮಿರರ್ಸ್ ಆರ್ ವಿಂಡೋಸ್’ ಭಾರತೀಯ ಪಠ್ಯಗಳು ಒಂದನ್ನೊಂದು ಪ್ರತಿಬಿಂಬಿಸುತ್ತ, ತಿರುಚುತ್ತ, ಜಗಳವಾಡುತ್ತ ಬೆಳೆಯುವ ಬಗೆಯನ್ನು ಹೇಳುತ್ತದೆ. ಕನ್ನಡಿಯೇ ಕಿಟಕಿಯಾಗುವುದು ಅವರಿಗೆ ರೂಪಕ. ನಾನು ಇಲ್ಲಿ ಹೇಳುತ್ತಿರುವುದು, ಅದು ಶೇ. 8ರ ಲೆಕ್ಕದಲ್ಲಿ ಅಕ್ಷರಶಃ ನಿಜವೂ ಹೌದು ಎಂದು.

ಪ್ರವಾಹದ ಬಗ್ಗೆ ಎರಡೇ ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ 57 ಅಡಿಗೂ ಮೇಲೇರಿ ಮಾರುತಿ ಚೌಕ, ಹರಭಟ ರಸ್ತೆ ಎಲ್ಲ ಮುಳುಗಿದಾಗ ನೀರಿನಲ್ಲಿ ತಲೆಕೆಳಗಾದ ಅಂಗಡಿಗಳ ಚಂದದ ಚಿತ್ರಗಳು ಓಡಾಡಿದವು. ಅವು ಈ ಪ್ರಬಂಧದಲ್ಲಿ ಇಲ್ಲ, ಬೇಕಂತಲೇ ಬಿಟ್ಟಿದ್ದೇನೆ. ಅದೇ ನೀರು ನನಗೆ ಪರಿಚಯದ ಹಳೆಯ ಸ್ಟುಡಿಯೋ ಒಂದರ ಕಪಾಟಿಗೂ ನುಗ್ಗಿತ್ತು. ನೆಗೆಟಿವಿನ ಮೇಲಿನ ಜೆಲಟಿನ್ ಪದರ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕಾಗದದ ಲಕೋಟೆಗೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಚಿತ್ರ ಕಾಗದದ ಜೊತೆ ಬರುತ್ತದೆ. ಎರಡು ಊರಿನ ಹಳೆಯ ಬೀದಿಚಿತ್ರ ಯಾರ ಮನೆಯಲ್ಲಾದರೂ ಇದ್ದರೆ, ದಯವಿಟ್ಟು ಅಟ್ಟದ ಮೇಲೆ ಇಡಿ, ಸ್ಕ್ಯಾನ್ ಮಾಡಿಸಿ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಬಹುದು.

ಸಂವಾದ

ಧಾರವಾಡದ ಹಿರಿಯ ಪ್ರಾಧ್ಯಾಪಕರೊಬ್ಬರು: ಛಲೋ ಮಾತಾಡಿದಿ. ಆದ್ರ ನನಗೊಂದು ಸಂಶಯ. ಸಾಂಗ್ಲಿ-ಮಿರಜ್‌ನ್ಯಾಗ ಕನ್ನಡ ಅಂದ್ರ ಬರೇ ಪ್ರತಿಬಿಂಬ, ಬಸ್ ಹೋದ ಕೂಡ್ಲೆ ಹೋಗೂದು ಅಂತ ಆಗೂದಿಲ್ಲೇನು? ಅಲ್ಲಿಯ ಕನ್ನಡದವರಿಗೆ ಇದು ಅನ್ಯಾಯ ಅಲ್ಲೇನು?

ಉತ್ತರ: ಸರ್, ನೀವು ಕೇಳಿದ್ದು ಖರೆ ಐತ್ರಿ. ಪ್ರತಿಬಿಂಬ ಅಂತ ನಾನು ಅಂದದ್ದು ಅಕ್ಷರಕ್ಕೆ, ಮಾತಿಗಲ್ಲ. ‘ಗಡಿನಾಡ ಕನ್ನಡ ಒಳನಾಡಿನ ಕನ್ನಡದ ಪ್ರತಿಬಿಂಬ’ ಅಂತ ಬಹಳ ಸೆಮಿನಾರಿನ್ಯಾಗ ಕೇಳಿ ಕೇಳಿ ನನಗೂ ಬ್ಯಾಸರ ಬಂದದರಿ. ನಾವು ಯಾರದೂ ಪ್ರತಿಬಿಂಬ ಅಲ್ಲ. ಚಿತ್ರ 11ರಾಗ ಗಾಜಿನ ಒಳಗ ಕೂತವರು ಕನ್ನಡ ಮಾತಾಡ್ತಾರ್ರಿ, ಹೊರಗ ನಿಂತಾಕಿ ನಾನೂ ಮಾತಾಡ್ತೀನಿ. ಮರಾಠಿನೂ ಇಬ್ಬರಿಗೂ ಬರ್ತದ. ಆದ್ರ ಫೋಟೋದಾಗ ಮಾತು ಕಾಣೂದಿಲ್ಲ, ಅಕ್ಷರ ಅಷ್ಟ ಕಾಣ್ತದ. ಫೋಟೋ ನೋಡಿದವರು ಒಳಗ ಮರಾಠಿ, ಹೊರಗ ಕನ್ನಡ ಅಂತ ಪಾಲು ಮಾಡಿಬಿಡ್ತಾರ. ಅದಕ್ಕ ಚಿತ್ರದ ಕೆಳಗ ಅವರು ಅಂದ ಮಾತು ಬರೆದು ಇಟ್ಟೀನ್ರಿ.

ವಿಜಯಪುರದಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ: ‘ಜಮಖಂಡಿ’ ಓದೋಕೆ ಬರ್ತಿಲ್ಲ ಅಂದ್ರಿ. ಕಂಪ್ಯೂಟರಿನಲ್ಲಿ ಚಿತ್ರ ಎಡ-ಬಲ ತಿರುಗಿಸಿದರೆ ಆಯ್ತಲ್ವಾ?

ಉತ್ತರ: ಮಾಡಿ ನೋಡಿದೆ ಮೇಡಂ. ಇದೇ ನೋಡಿ, ಪರದೆ ಮೇಲೆ ಹಾಕ್ತೀನಿ. ಈಗ ‘ಜಮಖಂಡಿ’ ಸರಿಯಾಗಿ ಓದಬಹುದು. ಆದರೆ ಗಾಜಿನ ಮೇಲೆ ಅಂಗಡಿಯವರು ಬರೆಸಿದ ಮರಾಠಿ ಹೆಸರು, ಒಳಗಿನ ಡಬ್ಬಿಗಳ ಮೇಲಿನ ಅಕ್ಷರ ಎಲ್ಲ ತಿರುಗಿಹೋದವು. ಎರಡೂ ಒಟ್ಟಿಗೆ ಸರಿಯಾಗುವ ದಾರಿ ಇಲ್ಲ. ಅದಕ್ಕೇ ತೆಗೆದ ಹಾಗೇ ಬಿಟ್ಟು, ಅಡಿಬರಹದಲ್ಲಿ ಬಸ್ಸಿನ ಊರು, ದಿನಾಂಕ, ಹೊತ್ತು, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದೆ ಅನ್ನೋದನ್ನ ಕನ್ನಡ, ಮರಾಠಿ ಎರಡರಲ್ಲೂ ಬರೀತಾ ಇದೀನಿ. ಈ ಚಿತ್ರದ್ದು ಸಂಜೆ 5.40, ಪಶ್ಚಿಮಕ್ಕೆ ಬೆನ್ನು.